ಕಮೋಡು ಕಟ್ಟಿಕೊಂಡಿದೆಯೇ? ಸಾಧನ ಕೊಳ್ಳುವ ಮೊದಲು ಬ್ಲಾಕ್ ಎಲ್ಲಿದೆ ಹುಡುಕಿ

ಬೆಳಿಗ್ಗೆ ಏಳಕ್ಕೆ ಅಂಗಡಿಯ ಷಟರ್ ಎತ್ತುವ ಹೊತ್ತಿಗೇ ಯಾರಾದರೂ ಕಾಯುತ್ತಾ ನಿಂತಿದ್ದರೆ ನನಗೆ ಅರ್ಧ ವಿಷಯ ಗೊತ್ತಾಗಿಬಿಡುತ್ತದೆ. ಮೊಳೆ ಬೇಕು, ಬಲ್ಬು ಬೇಕು ಅಂತ ಅಷ್ಟು ಬೇಗ ಯಾರೂ ಬರುವುದಿಲ್ಲ. "ಅಣ್ಣಾ, ಟಾಯ್ಲೆಟ್ ಕಟ್ಕೊಂಡಿದೆ, ಒಂದು ಬಾಟ್ಲಿ ಆಸಿಡ್ ಕೊಡಿ" ಅನ್ನುತ್ತಾರೆ. ಮುಖದಲ್ಲಿ ಗಾಬರಿ ಇರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ, ಸ್ಕೂಲಿಗೆ ಹೊರಡುವ ಮಕ್ಕಳಿದ್ದರೆ ಆ ಗಾಬರಿ ಸಹಜವೇ.

ನಾನು ಬಾಟ್ಲಿ ಕೊಡುವ ಮೊದಲು ಮೂರು ಪ್ರಶ್ನೆ ಕೇಳುತ್ತೇನೆ. ಕಮೋಡೋ, ಇಂಡಿಯನ್ನೋ? ಮನೆಯ ಬೇರೆ ಟಾಯ್ಲೆಟ್‌ನಲ್ಲಿ ನೀರು ಸರಿಯಾಗಿ ಹೋಗುತ್ತಿದೆಯಾ? ಒಳಗೆ ಏನಾದರೂ ಬಿದ್ದಿದೆಯಾ? ಇಷ್ಟು ಗೊತ್ತಾಗದೆ ಯಾವ ಸಾಧನ ಕೊಟ್ಟರೂ ಪ್ರಯೋಜನವಿಲ್ಲ. ಕಮೋಡಿನ ಡೊಂಕಿನಲ್ಲಿ ಸಿಕ್ಕಿದ ಬಟ್ಟೆಗೆ ಬೇಕಾದ ಸಾಧನವೇ ಬೇರೆ, ಅಂಗಳದ ಚೇಂಬರಿನಲ್ಲಿ ಕಟ್ಟಿದ ಕೆಸರಿಗೆ ಬೇಕಾದದ್ದೇ ಬೇರೆ. ಎಷ್ಟೋ ಮನೆಗಳಲ್ಲಿ ತಪ್ಪು ಸಾಧನ ಹಾಕಿ, ಕೈಗೆ ಸಿಗುವ ಹಾಗಿದ್ದ ವಸ್ತುವನ್ನು ಕೈಗೆ ಸಿಗದ ಜಾಗಕ್ಕೆ ತಳ್ಳಿಬಿಟ್ಟಿರುತ್ತಾರೆ. ಆಮೇಲೆ ಕಮೋಡನ್ನೇ ಕಿತ್ತು ತೆಗೆಯಬೇಕಾಗುತ್ತದೆ.

ತುಮಕೂರಿನಲ್ಲಿ ಇಪ್ಪತ್ತು ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸುತ್ತಾ, ಪ್ಲಂಬರ್‌ಗಳ ಜೊತೆ ಓಡಾಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಫ್ಲಶ್ ನಿಲ್ಲಿಸಿ

ನೀರು ಮೇಲೆ ಬಂತು ಅಂದ ಕೂಡಲೇ ನಮ್ಮ ಕೈ ಇನ್ನೊಂದು ಸಲ ಫ್ಲಶ್ ಒತ್ತಲು ಹೋಗುತ್ತದೆ. ಒತ್ತಬೇಡಿ. ಹಳೆಯ ಸಿಸ್ಟರ್ನಿನಲ್ಲಿ, ಅಂದರೆ ಫ್ಲಶ್ ಟ್ಯಾಂಕಿನಲ್ಲಿ, 10 ಲೀಟರ್ ನೀರು ಇರುತ್ತದೆ, ಈಗಿನ ಎರಡು ಬಟನ್ನಿನದರಲ್ಲಿ ದೊಡ್ಡ ಬಟನ್ ಒತ್ತಿದರೆ ಸುಮಾರು 6 ಲೀಟರ್. ತುಂಬಿ ನಿಂತ ಕಮೋಡಿಗೆ ಇನ್ನು 6 ಲೀಟರ್ ಸುರಿದರೆ ಅದು ಬರುವುದು ನಿಮ್ಮ ಕಾಲ ಬುಡಕ್ಕೇ. ಸಿಸ್ಟರ್ನಿನ ಪಕ್ಕದ ಗೋಡೆಯಲ್ಲಿರುವ ಆಂಗಲ್ ಕಾಕನ್ನು (ಟ್ಯಾಂಕಿಗೆ ನೀರು ಬಿಡುವ ಸಣ್ಣ ನಲ್ಲಿ) ಬಲಕ್ಕೆ ತಿರುಗಿಸಿ ಮುಚ್ಚಿ. ಮನೆಯವರಿಗೆಲ್ಲ ಹೇಳಿ, ಬಾಗಿಲಿಗೆ ಒಂದು ಚೀಟಿ ಅಂಟಿಸಿ.

ಮೊಣಕೈವರೆಗೆ ಬರುವ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಹಳೆಯ ಮಗ್ಗಿನಿಂದ ನೀರನ್ನು ಬಕೆಟ್ಟಿಗೆ ತೋಡಿ, ಬೋಲು ಅರ್ಧ ತುಂಬಿರುವ ಹಾಗೆ ಬಿಡಿ. ಪೂರ್ತಿ ಖಾಲಿ ಮಾಡಬೇಡಿ. ಆ ನೀರು ಮುಂದೆ ಬೇಕು.

ಒಳಗಿನ ದಾರಿ ಹೇಗಿದೆ

ಇದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಕಮೋಡಿನ ಬೋಲಿನಿಂದ ನೀರು ನೇರವಾಗಿ ಕೆಳಗೆ ಇಳಿಯುವುದಿಲ್ಲ. ಪಿಂಗಾಣಿಯ ಒಳಗೇ ಒಂದು ದಾರಿ ಮೇಲಕ್ಕೆ ಹತ್ತಿ, ಮತ್ತೆ ಬಗ್ಗಿ ಕೆಳಗಿಳಿದು ಪೈಪಿಗೆ ಸೇರುತ್ತದೆ. ಇದೇ ಟ್ರ್ಯಾಪ್. ಪೈಪು ಗೋಡೆಯೊಳಗೆ ಹೋದರೆ ಪಿ ಟ್ರ್ಯಾಪ್, ನೆಲದೊಳಗೆ ಇಳಿದರೆ ಎಸ್ ಟ್ರ್ಯಾಪ್. ಆ ಡೊಂಕಿನಲ್ಲಿ ಯಾವಾಗಲೂ ಸುಮಾರು 50 ಮಿಲಿಮೀಟರ್ ನೀರು ತಡೆಯಾಗಿ ನಿಂತಿರುತ್ತದೆ. ಚರಂಡಿಯ ಗ್ಯಾಸು, ಜಿರಳೆ ಮನೆಯೊಳಗೆ ಬಾರದ ಹಾಗೆ ಕಾಯುವುದು ಆ ನೀರೇ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಸ್ಕಾಟ್ಲೆಂಡಿನ ಗಡಿಯಾರ ಮಾಡುವವರು ಈ ಡೊಂಕಿಗೆ ಪೇಟೆಂಟ್ ಪಡೆದರು. ಇಷ್ಟು ವರ್ಷವಾದರೂ ಆ ಉಪಾಯ ಹಾಗೇ ಉಳಿದಿದೆ.

ಮುಖ್ಯವಾದ ಸಂಗತಿ ಅಳತೆಯದು. ಟ್ರ್ಯಾಪಿನ ಒಳದಾರಿ ಸುಮಾರು 2 ಇಂಚು, ಕೆಲವು ಮಾಡೆಲ್‌ಗಳಲ್ಲಿ ಸ್ವಲ್ಪ ಜಾಸ್ತಿ. ಅದನ್ನು ದಾಟಿದ ಮೇಲೆ ಸಿಗುವುದು 4 ಇಂಚಿನ, ಅಂದರೆ 110 ಎಂ.ಎಂ. ಪಿವಿಸಿ ಪೈಪು. ದಾರಿಯಲ್ಲಿ ಎಲ್ಲಕ್ಕಿಂತ ಕಿರಿದಾದ ಜಾಗ ಕಮೋಡಿನ ಹೊಟ್ಟೆಯಲ್ಲೇ ಇದೆ, ಅಲ್ವಾ? ಹಾಗಾಗಿ ಕಮೋಡಿನೊಳಗೆ ಬಿದ್ದ ವಸ್ತು ಸಾಮಾನ್ಯವಾಗಿ ಬೋಲಿನ ಬಾಯಿಂದ ಒಂದು ಮೊಳದೊಳಗೇ ಸಿಕ್ಕಿಕೊಂಡಿರುತ್ತದೆ. ಮನೆಯೆಲ್ಲ ಅಗೆಯಬೇಕೇನೋ ಎಂದು ಹೆದರುವ ಅಗತ್ಯವಿಲ್ಲ.

ಇಂಡಿಯನ್ ಪ್ಯಾನಿನ ಕಥೆ ಬೇರೆ. ಒರಿಸ್ಸಾ ಪ್ಯಾನ್ ಅನ್ನುತ್ತೇವಲ್ಲ, ಅದರ ಕೆಳಗೆ ಟ್ರ್ಯಾಪ್ ಬೇರೆ ತುಂಡಾಗಿ ನೆಲದೊಳಗೆ ಹುದುಗಿರುತ್ತದೆ. ದಾರಿ ಅಗಲ, 4 ಇಂಚಿನಷ್ಟು. ಅದಕ್ಕೇ ಇಂಡಿಯನ್ ಬೇಗ ಕಟ್ಟುವುದಿಲ್ಲ. ಆದರೆ ಕಟ್ಟಿದರೆ ಪ್ಯಾನನ್ನು ಸ್ಕ್ರೂ ಬಿಚ್ಚಿ ಎತ್ತುವ ಹಾಗಿಲ್ಲ, ನೆಲ ಒಡೆಯಬೇಕು. ಬಹಳಷ್ಟು ಸಲ ಗ್ಲೌಸ್ ಹಾಕಿದ ಕೈಯೇ ಟ್ರ್ಯಾಪಿನ ಡೊಂಕಿನವರೆಗೆ ತಲುಪುತ್ತದೆ. ಬಿದ್ದದ್ದು ಮಗ್ಗಿನ ಹಿಡಿಯೋ, ಬ್ರಷ್ಷೋ ಆಗಿದ್ದರೆ ಯಾವ ಸಾಧನಕ್ಕೂ ಮೊದಲು ಕೈ ಹಾಕಿ ನೋಡಿ.

ಒಂದು ಬಕೆಟ್ಟಿನ ಪರೀಕ್ಷೆ

ಬೋಲಿನ ನೀರು ಅರ್ಧಕ್ಕೆ ಇಳಿದಾಗ ಬಕೆಟ್ಟಿನಿಂದ ಎರಡು ಮೂರು ಲೀಟರ್ ನೀರನ್ನು ಒಂದೇ ಸಲ ಬಿಡಿ. ತುಂಬಿ ಹರಿಯದ ಹಾಗೆ ನೋಡಿಕೊಂಡು ಸುರಿಯಿರಿ. ನೀರು ಏನು ಮಾಡುತ್ತದೆ ನೋಡಿ.

ಸರ್ರನೆ ಹೋಯಿತೆಂದರೆ ನಿಮ್ಮ ಟಾಯ್ಲೆಟ್ ಕಟ್ಟಿಯೇ ಇಲ್ಲ. ಫ್ಲಶ್ಶಿನ ಬಲ ಕಡಿಮೆಯಾಗಿದೆ, ಅಷ್ಟೆ. ಸಿಸ್ಟರ್ನಿನ ಮುಚ್ಚಳ ಎತ್ತಿ ನೋಡಿ, ನೀರು ಒಳಗಿನ ಗುರುತಿನವರೆಗೆ ತುಂಬುತ್ತಿರುವುದಿಲ್ಲ. ಫ್ಲೋಟ್ ಕೆಳಗೆ ಸಿಕ್ಕಿಕೊಂಡಿರುತ್ತದೆ. ಇಲ್ಲವೇ ಕಮೋಡಿನ ಅಂಚಿನ ಕೆಳಗಿರುವ ಸಣ್ಣ ತೂತುಗಳು ಮುಚ್ಚಿಹೋಗಿರುತ್ತವೆ. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರು ಗಡಸು. ಬಿಳಿ ಸುಣ್ಣದ ಹಕ್ಕಳೆ ಕಟ್ಟಿ ಆ ತೂತುಗಳು ಅಕ್ಕಿಕಾಳಿನಷ್ಟಾಗಿಬಿಡುತ್ತವೆ. ಒಂದು ಕನ್ನಡಿ ಹಿಡಿದು ನೋಡಿದರೆ ಕಾಣುತ್ತದೆ. ರಾತ್ರಿ ವಿನೆಗರ್ ಅಥವಾ ಟಾಯ್ಲೆಟ್ ಕ್ಲೀನರ್ ಹಚ್ಚಿ ಬಿಟ್ಟು, ಬೆಳಿಗ್ಗೆ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ಆಸಿಡ್ ಇರುವ ಕ್ಲೀನರಿಗೆ ಸರಿಯಾದ ಕೆಲಸ ಇದೊಂದೇ, ಸುಣ್ಣ ಕರಗಿಸುವುದು.

ನೀರು ಮೇಲೆ ಬಂದು, ನಿಂತು, ನಿಧಾನಕ್ಕೆ ಇಳಿದರೆ ದಾರಿ ಅರ್ಧ ತೆರೆದಿದೆ. ಹೆಚ್ಚಾಗಿ ಮೆತ್ತನೆಯ ಬ್ಲಾಕು. ಒಂದು ಹನಿಯೂ ಇಳಿಯದಿದ್ದರೆ ಪೂರ್ತಿ ಮುಚ್ಚಿದೆ.

ನೀರು ಇಳಿಯುವಾಗ ಗುಳುಗುಳು ಸದ್ದು ಬಂದು, ಟ್ರ್ಯಾಪಿನ ನೀರೂ ಎಳೆದುಹೋದರೆ ಗಾಳಿ ಪೈಪಿನ ಮೇಲೆ ಅನುಮಾನ ಪಡಿ. ತಾರಸಿಯ ಮೇಲೆ ಎದ್ದು ನಿಂತ ಆ ಪೈಪಿನ ಬಾಯಿಗೆ ಟೋಪಿ ಇಲ್ಲದಿದ್ದರೆ ಎಲೆ, ಹಕ್ಕಿಗೂಡು ಸೇರಿಕೊಳ್ಳುತ್ತವೆ. ಮೇಲೆ ಇನ್ನೊಂದು ಮಹಡಿ ಕಟ್ಟುವಾಗ ಮೇಸ್ತ್ರಿ ಆ ಪೈಪನ್ನು ಅಲ್ಲಿಗೇ ಮುಚ್ಚಿಬಿಟ್ಟ ಮನೆಯನ್ನೂ ನೋಡಿದ್ದೇನೆ. ಒಳಗೆ ಎಷ್ಟು ಪಂಪು ಹೊಡೆದರೂ ಅದು ಸರಿಹೋಗುವುದಿಲ್ಲ.

ಚೇಂಬರ್ ನೋಡದೆ ಏನನ್ನೂ ಕೊಳ್ಳಬೇಡಿ

ಇಡೀ ಬರಹದಲ್ಲಿ ನೀವು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸ್ವಂತ ಮನೆಯಾದರೆ ಹಿತ್ತಲಲ್ಲೋ, ಗೇಟಿನ ಪಕ್ಕದಲ್ಲೋ ಚೌಕದ ಮುಚ್ಚಳವಿರುವ ಚೇಂಬರ್ ಇರುತ್ತದೆ. ಟಾಯ್ಲೆಟ್ಟಿನ ಪೈಪು ಮೊದಲು ಬಂದು ಬೀಳುವ ಚೇಂಬರ್ ಯಾವುದು ಎಂದು ಗುರುತಿಸಿ. ಸಲಾಕೆಯಿಂದ ಮುಚ್ಚಳ ಸರಿಸಿ, ದೂರ ನಿಂತು ಸ್ವಲ್ಪ ಹೊತ್ತು ಹಾಗೇ ಬಿಡಿ. ಒಳಗೆ ಕೆಟ್ಟ ಗ್ಯಾಸು ಇರುತ್ತದೆ. ಮುಖ ಬಗ್ಗಿಸಬೇಡಿ, ಬೀಡಿ ಕಡ್ಡಿ ಹತ್ತಿರ ತರಬೇಡಿ, ಮಕ್ಕಳನ್ನು ದೂರ ಇಡಿ. ಸುಮ್ನೆ ನೋಡಿದರೆ ಸಾಕು.

ಚೇಂಬರ್ ಖಾಲಿ ಇದೆ, ಕಮೋಡು ತುಂಬಿದೆ ಅಂದರೆ ಬ್ಲಾಕ್ ಇವೆರಡರ ನಡುವೆ ಇದೆ. ಒಳ್ಳೆಯ ಸುದ್ದಿ, ನಿಮ್ಮ ಕೈಯಲ್ಲಿ ಆಗುವ ಕೆಲಸ. ಚೇಂಬರೇ ತುಂಬಿ ನಿಂತಿದೆ ಅಂದರೆ ಬ್ಲಾಕ್ ಅದರ ಆಚೆಗಿದೆ. ಬಚ್ಚಲಲ್ಲಿ ನಿಂತು ನೀವು ಯಾವ ಸಾಧನ ಹಾಕಿದರೂ ದಂಡ.

ಇಲ್ಲೊಂದು ಸೂಕ್ಷ್ಮ ಇದೆ. "ಬಚ್ಚಲ ನೀರು ಚೆನ್ನಾಗಿ ಹೋಗುತ್ತಿದೆ, ಹಾಗಾಗಿ ಮೇನ್ ಲೈನ್ ಸರಿ ಇದೆ" ಎಂದು ಅನೇಕರು ಹೇಳುತ್ತಾರೆ. ನಮ್ಮ ಬಹಳಷ್ಟು ಮನೆಗಳಲ್ಲಿ ಸ್ನಾನದ ನೀರಿಗೆ ಒಂದು ಪೈಪು, ಟಾಯ್ಲೆಟ್ಟಿಗೆ ಇನ್ನೊಂದು ಪೈಪು. ಸ್ನಾನದ ನೀರು ಗಲ್ಲಿ ಟ್ರ್ಯಾಪಿಗೆ, ಅಂದರೆ ಮನೆಯ ಹೊರಗೆ ನೀರಿನ ತಡೆಯಿರುವ ಸಣ್ಣ ಗುಂಡಿಗೆ ಹೋಗಿ ಆಮೇಲೆ ಚೇಂಬರಿಗೆ ಸೇರುತ್ತದೆ. ಹಾಗಾಗಿ ಬಚ್ಚಲು ಸರಿಯಿದ್ದ ಮಾತ್ರಕ್ಕೆ ಟಾಯ್ಲೆಟ್ ಲೈನು ಸರಿಯಿದೆ ಎಂದು ಹೇಳಲಾಗದು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಎರಡೂ ಒಂದೇ ಪೈಪಿಗೆ ಸೇರುವುದುಂಟು. ಅಲ್ಲಿ ಫ್ಲಶ್ ಮಾಡಿದಾಗ ಬಚ್ಚಲ ಜಾಲರಿಯಿಂದ ನೀರು ಉಕ್ಕಿದರೆ ಮೇನ್ ಲೈನಿನಲ್ಲೇ ತೊಂದರೆ.

ಅಪಾರ್ಟ್‌ಮೆಂಟಿನ ಕೆಳಮಹಡಿಯವರಿಗೆ ಇನ್ನೊಂದು ಮಾತು. ನೀವು ಫ್ಲಶ್ ಮಾಡದೇ ಇದ್ದಾಗಲೂ ಕಮೋಡಿನಲ್ಲಿ ನೀರು ಏರುತ್ತಿದ್ದರೆ ಅದು ಮೇಲಿನವರ ನೀರು. ನಿಮ್ಮ ಕಮೋಡಿನ ತಪ್ಪೇನೂ ಇಲ್ಲ. ಸಾಧನ ಕೊಳ್ಳಬೇಡಿ, ಅಸೋಸಿಯೇಶನ್ನಿನವರನ್ನು ಕರೆದು ಆ ಸಾಲಿನ ಮನೆಗಳಿಗೆಲ್ಲ ನೀರು ನಿಲ್ಲಿಸಲು ಹೇಳಿ.

ಪಿಟ್ಟು ಅಥವಾ ಸೆಪ್ಟಿಕ್ ಟ್ಯಾಂಕ್ ಇರುವ ಮನೆಯಲ್ಲಿ ಎಲ್ಲ ಟಾಯ್ಲೆಟ್ಟುಗಳೂ ಒಟ್ಟಿಗೆ ನಿಧಾನವಾದರೆ ಟ್ಯಾಂಕ್ ತುಂಬಿದೆ ಎಂದರ್ಥ. ಜೋರು ಮಳೆಗಾಲದಲ್ಲಿ ನೆಲವೇ ನೀರು ಕುಡಿದು ತುಂಬಿರುತ್ತದೆ, ಇಂಗುಗುಂಡಿ ನೀರು ಎಳೆದುಕೊಳ್ಳುವುದಿಲ್ಲ. ಮಲೆನಾಡು, ಕರಾವಳಿಯ ಮನೆಗಳವರಿಗೆ ಇದು ಚೆನ್ನಾಗಿ ಗೊತ್ತು.

ಈಗ ಸಾಧನ: ಮೊದಲು ಪ್ಲಂಜರ್

ನಮ್ಮಲ್ಲಿ ರಬ್ಬರ್ ಪಂಪು ಅಂತಲೇ ಕೇಳುತ್ತಾರೆ. ಮರದ ಹಿಡಿ, ಕೆಂಪು ರಬ್ಬರಿನ ಬಟ್ಟಲು. ಎಲ್ಲ ಅಂಗಡಿಯಲ್ಲೂ ಸಿಗುವ ಈ ಚಪ್ಪಟೆ ಅಂಚಿನ ಬಟ್ಟಲು ಸಿಂಕಿಗೆ, ಬಚ್ಚಲ ಜಾಲರಿಗೆ ಮಾಡಿದ್ದು. ಕಮೋಡಿನ ತಳ ಉರುಟು, ತೂತು ಮೊಟ್ಟೆಯಾಕಾರ. ಚಪ್ಪಟೆ ಬಟ್ಟಲು ಅಲ್ಲಿ ಕೂರುವುದಿಲ್ಲ, ಪಕ್ಕದಿಂದ ನೀರು ಚಿಮ್ಮುತ್ತದೆ. ಕಮೋಡಿಗೆ ಬೇಕಾದದ್ದು ಬಟ್ಟಲಿನ ಒಳಗಿಂದ ಇನ್ನೊಂದು ಸಣ್ಣ ರಬ್ಬರ್ ಕೊಳವೆ ಇಳಿಬಿದ್ದಿರುವ ಪ್ಲಂಜರ್. ಫ್ಲ್ಯಾಂಜ್ ಪ್ಲಂಜರ್ ಅಂತ ಕೇಳಿ. ಆ ಕೊಳವೆ ತೂತಿನೊಳಗೆ ಕೂರುತ್ತದೆ, ಬಟ್ಟಲು ಸುತ್ತ ಬಿಗಿಯಾಗುತ್ತದೆ. ರಬ್ಬರ್ ಮೆತ್ತಗಿರಬೇಕು. ಬೆರಳಿನಿಂದ ಒತ್ತಿ ನೋಡಿ, ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿ ಇದ್ದರೆ ಬೇಡ. ಅಕಾರ್ಡಿಯನ್ ಹಾಗೆ ಮಡಿಕೆ ಮಡಿಕೆಯಾಗಿರುವ ಪ್ಲಾಸ್ಟಿಕ್ ಪ್ಲಂಜರೂ ಬರುತ್ತದೆ. ಬಲ ಜಾಸ್ತಿ, ನಿಜ, ಆದರೆ ಬಿಗಿಯಾಗಿ ಕೂರಿಸುವುದು ಕಷ್ಟ. ಮೊದಲ ಸಲ ಕೊಳ್ಳುವವರಿಗೆ ನಾನು ಅದನ್ನು ಕೊಡುವುದಿಲ್ಲ.

ಪ್ಲಂಜರ್ ಹೊಡೆಯುವುದರಲ್ಲಿ ಒಂದು ಕೈಚಳಕವಿದೆ. ಬಟ್ಟಲು ಮುಳುಗುವಷ್ಟು ನೀರು ಬೋಲಿನಲ್ಲಿ ಇರಲೇಬೇಕು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ, ಬ್ಲಾಕನ್ನು ಅಲ್ಲಾಡಿಸುವುದು ನೀರೇ. ಬಟ್ಟಲನ್ನು ಓರೆಯಾಗಿ ಇಳಿಸಿ, ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರಲಿ. ಆಮೇಲೆ ನೇರ ಮಾಡಿ. ಮೊದಲ ಒತ್ತು ಮೆಲ್ಲಗೆ. ಆಮೇಲೆ ಬಿಗಿ ಬಿಡದೆ ಒತ್ತಿ, ಎಳೆಯಿರಿ, ಒತ್ತಿ, ಎಳೆಯಿರಿ. ಎಲ್ಲರೂ ಒತ್ತುವುದಕ್ಕೇ ಬಲ ಹಾಕುತ್ತಾರೆ. ಎಳೆಯುವುದೂ ಅಷ್ಟೇ ಮುಖ್ಯ. ಸಿಕ್ಕಿಕೊಂಡದ್ದು ಹಿಂದೆ ಮುಂದೆ ಅಲುಗಾಡಿದರೆ ತಾನೇ ಸಡಿಲವಾಗುವುದು. ಹದಿನೈದು ಇಪ್ಪತ್ತು ಸಲ ಮಾಡಿ, ಪಟ್ಟನೆ ಎತ್ತಿ. ಸುಳಿ ತಿರುಗಿ ನೀರು ಇಳಿದರೆ ಕೆಲಸ ಆಯಿತು. ಮೂರು ನಾಲ್ಕು ಸರದಿ ಮಾಡಿಯೂ ಇಳಿಯದಿದ್ದರೆ ಪ್ಲಂಜರಿನ ಕೆಲಸ ಮುಗಿಯಿತು. ಹೊಡೆಯುತ್ತಲೇ ಇರಬೇಡಿ.

ಮೆತ್ತನೆಯ ಬ್ಲಾಕಿಗೆ ಇದರ ಮೊದಲು ಒಂದು ಉಪಾಯ ಮಾಡಬಹುದು. ಎರಡು ಮೂರು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಸ್ನಾನಕ್ಕೆ ಹಾಕಿಕೊಳ್ಳುವಷ್ಟು ಬಿಸಿಯ ನೀರು ಬಿಟ್ಟು ಅರ್ಧ ಗಂಟೆ ಕಾಯಿರಿ. ಜಾರಿಕೆ ಸಿಕ್ಕಿ ತಾನೇ ಹೋಗುವುದೂ ಉಂಟು. ಕುದಿಯುವ ನೀರು ಮಾತ್ರ ಬೇಡ, ತಣ್ಣಗಿನ ಪಿಂಗಾಣಿ ಬಿರುಕು ಬಿಡುತ್ತದೆ.

ಇಂಡಿಯನ್ ಪ್ಯಾನಿಗೆ ದೊಡ್ಡ, 6 ಇಂಚಿನ ಬಟ್ಟಲು ಬೇಕು. ಅದು ಸಿಗದಿದ್ದರೆ ನಮ್ಮ ಕಡೆಯ ಹಳೆಯ ಉಪಾಯವೊಂದಿದೆ. ನೆಲ ಒರೆಸುವ ದಾರದ ಮಾಪಿನ ತಲೆಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ದಾರದಿಂದ ಬಿಗಿಯಾಗಿ ಕಟ್ಟಿ, ಅದನ್ನೇ ಪ್ಲಂಜರಿನ ಹಾಗೆ ಹೊಡೆಯುವುದು. ಮಾಪು ತೂತಿನ ಆಕಾರಕ್ಕೆ ಒಗ್ಗಿಕೊಂಡು ಚೆನ್ನಾಗಿ ಬಿಗಿಯುತ್ತದೆ. ಕಟ್ಟು ಸಡಿಲವಾಗಿ ಚೀಲ ಒಳಗೆ ಉಳಿದುಕೊಂಡರೆ ಇದ್ದದ್ದರ ಮೇಲೆ ಇನ್ನೊಂದು ಬ್ಲಾಕ್. ಆದ್ದರಿಂದ ಎರಡು ಕಡೆ ಕಟ್ಟಿ.

ಎರಡು ಸಂದರ್ಭದಲ್ಲಿ ಪ್ಲಂಜರ್ ಮುಟ್ಟಲೇಬೇಡಿ. ಒಳಗೆ ಆಟಿಕೆ, ಸೋಪಿನ ಡಬ್ಬಿ, ಬ್ರಷ್ಷಿನಂಥ ಗಟ್ಟಿ ವಸ್ತು ಬಿದ್ದಿದೆ ಎಂದು ಖಾತ್ರಿಯಿದ್ದರೆ ಬೇಡ, ಅದು ಡೊಂಕಿನೊಳಗೆ ಇನ್ನಷ್ಟು ಬಿಗಿಯಾಗುತ್ತದೆ. ಈಗಾಗಲೇ ಆಸಿಡ್ಡೋ ಕಾಸ್ಟಿಕ್ ಪುಡಿಯೋ ಸುರಿದಿದ್ದರೂ ಬೇಡ, ಆ ನೀರು ಕಣ್ಣಿಗೆ ಚಿಮ್ಮಿದರೆ ಕಣ್ಣೇ ಹೋಗಬಹುದು.

ಆಗರ್: ಎಳೆದು ತೆಗೆಯಬೇಕಾದದ್ದಕ್ಕೆ

ಸ್ಯಾನಿಟರಿ ಪ್ಯಾಡು, ಡಯಾಪರ್, ವೆಟ್ ವೈಪ್ಸ್, ಒರೆಸುವ ಬಟ್ಟೆ, ತೆಂಗಿನ ನಾರಿನ ಉಂಡೆ. ಇವು ಕರಗುವುದಿಲ್ಲ. ಪ್ಯಾಡು, ಡಯಾಪರ್ ನೀರು ಕುಡಿದು ಇನ್ನೂ ಉಬ್ಬುತ್ತವೆ. ಇವನ್ನು ಮುಂದಕ್ಕೆ ತಳ್ಳಿದರೆ ಚೇಂಬರಿನಲ್ಲೋ ಬೀದಿಯ ಲೈನಿನಲ್ಲೋ ಮತ್ತೆ ಕಟ್ಟುತ್ತವೆ. ಹಿಂದಕ್ಕೆ ಎಳೆದೇ ತೆಗೆಯಬೇಕು. ಅದಕ್ಕೆ ಇರುವುದು ಕ್ಲಾಸೆಟ್ ಆಗರ್, ಟಾಯ್ಲೆಟ್ ಆಗರ್ ಅಂತಲೂ ಹೇಳುತ್ತಾರೆ. ಉದ್ದನೆಯ ಕೊಳವೆ, ಮೇಲೆ ತಿರುಗಿಸುವ ಹಿಡಿ, ಒಳಗೆ ದಪ್ಪ ಸ್ಪ್ರಿಂಗು, ತುದಿಯಲ್ಲಿ ಕೊಕ್ಕೆಯಂಥ ಸುರುಳಿ. ಕೆಳತುದಿ ಬಾಗಿದ್ದು, ಆ ಬಾಗಿಗೆ ರಬ್ಬರ್ ಹೊದಿಕೆ ಇರುತ್ತದೆ. ಕೊಳ್ಳುವಾಗ ಆ ಹೊದಿಕೆ ಇದೆಯೇ ಎಂದು ಮೊದಲು ನೋಡಿ. ಅದಿಲ್ಲದಿದ್ದರೆ ಕಬ್ಬಿಣ ಪಿಂಗಾಣಿಗೆ ಉಜ್ಜಿ ಕಪ್ಪು ಗೀರು ಬೀಳುತ್ತದೆ.

3 ಅಡಿಯದು ಟ್ರ್ಯಾಪನ್ನು ದಾಟುವಷ್ಟು ಸಾಕು. 6 ಅಡಿಯದು ಟ್ರ್ಯಾಪಿನಾಚೆ ಪೈಪಿನೊಳಗೂ ಸ್ವಲ್ಪ ಹೋಗುತ್ತದೆ. ಒಂದೇ ಕೊಳ್ಳುವುದಾದರೆ 6 ಅಡಿಯದನ್ನೇ ತೆಗೆದುಕೊಳ್ಳಿ. ಬೆಲೆ ಪ್ಲಂಜರಿಗಿಂತ ಹಲವು ಪಟ್ಟು ಜಾಸ್ತಿ, ಸಣ್ಣ ಊರುಗಳಲ್ಲಿ ತರಿಸಿಕೊಡಲು ಹೇಳಬೇಕಾಗುತ್ತದೆ. ನಾಲ್ಕಾರು ಮನೆ ಬಾಡಿಗೆಗೆ ಕೊಟ್ಟವರು, ಪಿಜಿ ನಡೆಸುವವರು ಇಟ್ಟುಕೊಳ್ಳಲೇಬೇಕು.

ಬಳಸುವ ರೀತಿ ಹೀಗೆ. ಹಿಡಿಯನ್ನು ಪೂರ್ತಿ ಮೇಲಕ್ಕೆ ಎಳೆದು ಸ್ಪ್ರಿಂಗನ್ನು ಕೊಳವೆಯೊಳಗೆ ಸೇರಿಸಿ. ಬಾಗಿದ ತುದಿಯನ್ನು ಕಮೋಡಿನ ತೂತಿಗೆ ಮುಖ ಮಾಡಿ ಕೂರಿಸಿ. ಒಂದು ಕೈಯಲ್ಲಿ ಕೊಳವೆ ಗಟ್ಟಿ ಹಿಡಿದು ಇನ್ನೊಂದರಲ್ಲಿ ಹಿಡಿಯನ್ನು ಬಲಕ್ಕೆ ತಿರುಗಿಸುತ್ತಾ ಮೆಲ್ಲಗೆ ಇಳಿಸಿ. ಡೊಂಕು ಬಂದಾಗ ತಡೆ ಸಿಗುತ್ತದೆ, ಹೆದರಬೇಡಿ, ತಿರುಗಿಸುತ್ತಿದ್ದರೆ ದಾಟುತ್ತದೆ. ಮೆತ್ತನೆಯ ತಡೆ ಸಿಕ್ಕಿ ಹಿಡಿ ಭಾರವಾದರೆ ಕೊಕ್ಕೆಗೆ ಏನೋ ಸಿಕ್ಕಿದೆ. ಇನ್ನೆರಡು ಸುತ್ತು ತಿರುಗಿಸಿ, ತಿರುಗಿಸುವ ದಿಕ್ಕು ಬದಲಿಸದೆ ಎಳೆಯಿರಿ. ಹಿಂದಕ್ಕೆ ತಿರುಗಿಸಿದರೆ ಸಿಕ್ಕಿದ್ದು ಬಿಟ್ಟುಹೋಗುತ್ತದೆ. ಟಣ್ ಎಂದು ಗಟ್ಟಿ ತಡೆ ಸಿಕ್ಕಿದರೆ ಬಲ ಹಾಕಬೇಡಿ. ಅದು ಆಟಿಕೆಯೂ ಇರಬಹುದು, ಪಿಂಗಾಣಿಯೂ ಇರಬಹುದು.

ಕಳೆದ ವರ್ಷ ಬಂದ ಒಬ್ಬರ ಮನೆ ವಿಷಯ ಹೇಳುತ್ತೇನೆ. ಹೊಸ ಮನೆ, ಗೃಹಪ್ರವೇಶವಾಗಿ ಎಂಟು ದಿನ. ಮೊದಲ ದಿನದಿಂದಲೇ ಕಮೋಡು ನಿಧಾನ. ಎರಡು ಬಾಟ್ಲಿ ಆಸಿಡ್ ಸುರಿದಿದ್ದರು, ಪ್ಲಂಜರ್ ಹೊಡೆದಿದ್ದರು. ಚೇಂಬರ್ ಖಾಲಿ. ಹಾಕಿದ ಆಸಿಡ್ಡಿನ ವಿಷಯ ಕೇಳಿಕೊಂಡು, ಎರಡು ದಿನ ಆ ಟಾಯ್ಲೆಟ್ ಬಳಸದೆ ನೀರು ಬಿಡುತ್ತಾ ತಿಳಿಯಾಗಲು ಬಿಟ್ಟೆವು. ಆಮೇಲೆ ನಮ್ಮ ಪ್ಲಂಬರ್ 6 ಅಡಿಯ ಆಗರ್ ಹಾಕಿದಾಗ ತುದಿಯಲ್ಲಿ ಹಳದಿ ಎಳೆ ಬಂತು. ಸಿಮೆಂಟ್ ಚೀಲದ್ದು. ಟೈಲ್ಸ್ ಹಾಕುವಾಗ ಪೈಪಿನೊಳಗೆ ಗಾರೆ ಬೀಳದಿರಲಿ ಎಂದು ಬಾಯಿಗೆ ಚೀಲದ ತುಂಡು ತುರುಕಿ, ಕಮೋಡು ಕೂರಿಸುವಾಗ ತೆಗೆಯುವುದನ್ನೇ ಮರೆತಿದ್ದರು. ಕಮೋಡು ಎತ್ತಿ ಎರಡೇ ನಿಮಿಷದಲ್ಲಿ ತೆಗೆದದ್ದಾಯಿತು. ಹೊಸ ಮನೆಯ ಕಮೋಡು ಕಟ್ಟಿದರೆ ಮೊದಲು ಮೇಸ್ತ್ರಿಗೆ ಫೋನ್ ಮಾಡಿ ಇದನ್ನು ಕೇಳಿ. ಪೈಪಿನಲ್ಲಿ ಬಿದ್ದು ಗಟ್ಟಿಯಾದ ಗಾರೆಯಾದರೆ ಯಾವ ಆಗರಿಗೂ ಬಗ್ಗುವುದಿಲ್ಲ, ಆ ತುಂಡು ಪೈಪನ್ನೇ ಬದಲಿಸಬೇಕು.

ಉದ್ದನೆಯ ಸ್ಪ್ರಿಂಗು, ದಬ್ಬೆ, ಡೋರ್ ಬೆಂಡು

5 ಮೀಟರ್, 10 ಮೀಟರಿನ ತೆಳ್ಳಗಿನ ಸ್ಪ್ರಿಂಗ್ ವೈರ್ ಕಡಿಮೆ ಬೆಲೆಗೆ ಸಿಗುತ್ತದೆ. ಅದು ಸಿಂಕಿನದ್ದು. ಕಮೋಡಿನ ಮೇಲಿನಿಂದ ಹಾಕಿದರೆ ಡೊಂಕಿನಲ್ಲೇ ಮಡಚಿಕೊಂಡು ಬೋಲಿನೊಳಗೆ ವಾಪಸ್ ಬರುತ್ತದೆ, ಜೊತೆಗೆ ಗೀರು. ಬಟ್ಟೆ ಹಾಕುವ ಹ್ಯಾಂಗರಿನ ತಂತಿಯೂ ಅಷ್ಟೆ.

ಬ್ಲಾಕ್ ಕಮೋಡಿನಾಚೆ, ಚೇಂಬರಿಗೆ ಮೊದಲು ಇದ್ದರೆ ದಪ್ಪ ಸ್ಪ್ರಿಂಗನ್ನು ಚೇಂಬರಿನ ಕಡೆಯಿಂದ ಹಿಮ್ಮುಖವಾಗಿ ಬಿಡಬೇಕು. ಮೇಲೇ ನಿಂತು, ಕೈಯನ್ನಷ್ಟೇ ಇಳಿಸಿ ಮಾಡಲು ಆಗುವಷ್ಟು ಚೇಂಬರ್ ಆಳ ಕಡಿಮೆ ಇದ್ದರೆ ಮಾತ್ರ. ಹಳೆಯ ಕಾಲದವರು ಸೀಳಿದ ಬಿದಿರ ದಬ್ಬೆಯನ್ನೇ ಹೀಗೆ ಬಿಡುತ್ತಿದ್ದರು. ನೇರ ಪೈಪಿನಲ್ಲಿ ಅದು ಈಗಲೂ ಒಳ್ಳೆಯ ಸಾಧನ. ಹಸಿ ದಬ್ಬೆ ಬಗ್ಗುತ್ತದೆ, ಒಣಗಿದ್ದು ಒಳಗೇ ಮುರಿಯುತ್ತದೆ.

ಮಹಡಿ ಮನೆಯಾದರೆ ಹೊರಗೋಡೆಯ ಪೈಪಿನ ತಿರುವುಗಳಲ್ಲಿ ಸಣ್ಣ ಬಾಗಿಲು, ನಾಲ್ಕು ಸ್ಕ್ರೂ ಇರುವ ತುಂಡು ಇರುತ್ತದೆ. ಡೋರ್ ಬೆಂಡ್, ಡೋರ್ ಟೀ ಎಂದು ಕರೆಯುತ್ತಾರೆ. ಅದು ಇರುವುದೇ ಬ್ಲಾಕ್ ತೆಗೆಯಲು. ಆದರೆ ಮೇಲೆ ಕಟ್ಟಿ ನಿಂತ ನೀರೆಲ್ಲ ಅಲ್ಲಿಂದಲೇ ನುಗ್ಗುತ್ತದೆ. ಕೆಳಗಿನ ಸ್ಕ್ರೂಗಳನ್ನು ಮೊದಲು ಸಡಿಲಿಸಿ, ಪಕ್ಕಕ್ಕೆ ನಿಂತು, ನೀರು ಸೋರಿ ಮುಗಿದ ಮೇಲೆ ಬಾಗಿಲು ತೆಗೆಯಿರಿ. ಏಣಿ ಹತ್ತಿ ಮಾಡಬೇಕಾದ ಎತ್ತರದಲ್ಲಿದ್ದರೆ ಪ್ಲಂಬರಿಗೆ ಬಿಡಿ.

ನಾನು ಮಾರದ ಎರಡು ಸಾಮಾನು

ಒಂದು, ಗಾಳಿ ಗನ್ನು. ಪಂಪಿನಿಂದ ಗಾಳಿ ತುಂಬಿ ಟ್ರಿಗರ್ ಒತ್ತಿದರೆ ಒಮ್ಮೆಲೇ ಬಿಡುಗಡೆಯಾಗುವುದು. ನೋಡಲು ಚೆನ್ನಾಗಿರುತ್ತದೆ. ಆದರೆ ಕಮೋಡು ಪೈಪಿಗೆ ಸೇರುವ ಜಾಗದಲ್ಲಿ ಇರುವುದು ಬರೀ ರಬ್ಬರ್ ಕನೆಕ್ಟರ್ ಅಥವಾ ಬಿಳಿ ಸಿಮೆಂಟು. ಬ್ಲಾಕ್ ಗಟ್ಟಿಯಾಗಿದ್ದರೆ ಒತ್ತಡ ಆ ಸಂದಿಯನ್ನೇ ಬಿಡಿಸುತ್ತದೆ, ಇಲ್ಲವೇ ನೀರು ನಿಮ್ಮ ಮುಖಕ್ಕೆ ಹೊಡೆಯುತ್ತದೆ. ಸಂದಿ ಬಿಟ್ಟದ್ದು ಅಂದು ಗೊತ್ತಾಗುವುದಿಲ್ಲ. ತಿಂಗಳ ನಂತರ ಕೆಳಮನೆಯ ಸೀಲಿಂಗಿನಲ್ಲಿ ಹಳದಿ ಕಲೆ ಕಾಣುತ್ತದೆ.

ಇನ್ನೊಂದು, ಕಮೋಡಿಗೆಂದು ಕೇಳುವ ಕಾಸ್ಟಿಕ್ ಪುಡಿ. ಅಡುಗೆಮನೆ ಸಿಂಕಿನ ಜಿಡ್ಡಿಗೆ, ಕೂದಲಿಗೆ ಅದು ಕೆಲಸ ಮಾಡುತ್ತದೆ. ಕಮೋಡಿನಲ್ಲಿ ಅದು ನಿಂತ ನೀರಿನ ತಳಕ್ಕಿಳಿದು, ಕಾದು, ಗಟ್ಟಿ ಗಡ್ಡೆಯಾಗಿ ಕೂರುತ್ತದೆ. ಆ ಬಿಸಿಗೆ ಪಿಂಗಾಣಿ ಬಿರುಕು ಬಿಡಬಹುದು, ಪಿವಿಸಿ ಮೆತ್ತಗಾಗಬಹುದು. ಪ್ಯಾಡು, ಪ್ಲಾಸ್ಟಿಕ್ಕು ಮಾತ್ರ ಹಾಗೇ ಇರುತ್ತದೆ. ಆಸಿಡ್ಡೂ ಅವನ್ನು ಕರಗಿಸುವುದಿಲ್ಲ. ಇದು ಆಗಲಿಲ್ಲ ಎಂದು ಅದು, ಅದು ಆಗಲಿಲ್ಲ ಎಂದು ಇನ್ನೊಂದು ಸುರಿಯುವವರನ್ನು ನೋಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಆಸಿಡ್ ಕ್ಲೀನರ್ ಇರುವ ನೀರಿಗೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಕಾಸ್ಟಿಕ್ ಮತ್ತು ಆಸಿಡ್ ಸೇರಿದರೆ ಕುದಿದು ಚಿಮ್ಮುತ್ತದೆ. ಸುರಿದಾಗಿದ್ದರೆ ಕಿಟಕಿ ತೆರೆದು ಹೊರಗೆ ಬನ್ನಿ. ಪ್ಲಂಬರ್ ಬಂದಾಗ ಏನು, ಎಷ್ಟು, ಯಾವಾಗ ಹಾಕಿದಿರಿ ಎಂದು ಮುಚ್ಚಿಡದೆ ಹೇಳಿ. ಆಗರ್ ಎಳೆದಾಗ ಹನಿ ಸಿಡಿಯುವುದು ಅವರ ಮೈಮೇಲೆ.

ಚೇಂಬರ್ ತುಂಬಿದ್ದರೆ ಯಂತ್ರ ಕರೆಸಿ

ಬೀದಿಯ ಲೈನು ಕಟ್ಟಿದ್ದರೆ ಅದು ನಿಮ್ಮ ಕೆಲಸವಲ್ಲ. ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ಬೇರೆ ಊರುಗಳಲ್ಲಿ ಯುಜಿಡಿ (ನೆಲದಡಿಯ ಒಳಚರಂಡಿ) ನೋಡಿಕೊಳ್ಳುವವರಿಗೆ, ನಗರಸಭೆ ಅಥವಾ ಪಾಲಿಕೆಗೆ ತಿಳಿಸಿ. ಜೋರಾಗಿ ನೀರು ಚಿಮ್ಮಿಸಿ ಪೈಪು ಬಿಡಿಸುವ ಜೆಟ್ಟಿಂಗ್ ಯಂತ್ರ ಬರುತ್ತದೆ. ಸೆಪ್ಟಿಕ್ ಟ್ಯಾಂಕ್ ತುಂಬಿದ್ದರೆ ಹೀರುವ ಟ್ಯಾಂಕರ್ ಕರೆಸಿ.

ಯಂತ್ರ ಬರುವುದು ತಡವಾಗುತ್ತದೆ ಎಂದು "ಯಾರನ್ನಾದರೂ ಇಳಿಸೋಣ, ಐನೂರು ಕೊಟ್ಟರೆ ಮಾಡ್ತಾರೆ" ಎನ್ನುವ ಮಾತು ಇಂದಿಗೂ ಕೇಳಿಬರುತ್ತದೆ. ದಯವಿಟ್ಟು ಬೇಡ. ಆ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗ್ಯಾಸು ಜಾಸ್ತಿಯಾದಾಗ ಮೂಗಿಗೆ ಆ ವಾಸನೆಯೂ ತಿಳಿಯುವುದಿಲ್ಲ, ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಎತ್ತಲು ಇಳಿದವನೂ ಕುಸಿಯುತ್ತಾನೆ. ರಕ್ಷಣೆಯ ಸಲಕರಣೆ ಇಲ್ಲದೆ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಮನೆ ಮಾಲೀಕರಿಗೂ ಅದು ಅನ್ವಯಿಸುತ್ತದೆ. ಒಳಚರಂಡಿ ಸಾವಿಗೆ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು. ಈ ಅನಿಷ್ಟದ ವಿರುದ್ಧ ಬದುಕಿಡೀ ಹೋರಾಡುತ್ತಿರುವ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿ ಊರಿನಲ್ಲೇ ಹುಟ್ಟಿದವರು. ಒಂದು ದಿನ ನೆರೆಮನೆಯ ಟಾಯ್ಲೆಟ್ ಬಳಸಿದರೆ ನಮಗೇನೂ ಆಗುವುದಿಲ್ಲ. ಮನೆಯೊಳಗಿನ ಕಮೋಡಿನ ಬ್ಲಾಕನ್ನೂ ಮನೆಗೆಲಸದವರ ಬರಿಗೈಗೆ ಬಿಡಬೇಡಿ. ಗ್ಲೌಸ್ ಹಾಕಿಕೊಂಡು ನಾವೇ ಮಾಡಬಹುದಾದ ಕೆಲಸ ಅದು.

ಕಮೋಡು ಬಿಚ್ಚುವುದು ಯಾವಾಗ

ಚೇಂಬರ್ ಖಾಲಿ, ಪ್ಲಂಜರ್ ಆಗಿದೆ, ಆಗರ್ ಟಣ್ ಎನ್ನುತ್ತಿದೆ. ಆಗ ಪ್ಲಂಬರನ್ನು ಕರೆದು ಕಮೋಡು ಎತ್ತಿಸಿ. ತಲೆಕೆಳಗು ಮಾಡಿದರೆ ಆಟಿಕೆ ಹಿಂದಿನ ಬಾಯಿಂದ ಸಿಗುತ್ತದೆ. ವಾಪಸ್ ಕೂರಿಸುವಾಗ ಹಳೆಯ ಕನೆಕ್ಟರನ್ನೇ ಹಾಕಿಸಬೇಡಿ, ಹೊಸ ರಬ್ಬರ್ ಕನೆಕ್ಟರ್ ತಂದಿಟ್ಟುಕೊಳ್ಳಿ.

ಹೋಯಿತು ಎಂದು ಹೇಗೆ ಗೊತ್ತು

ನೀರು ಒಮ್ಮೆ ಇಳಿದರೆ ಸಾಲದು. ಒಂದು ಬಕೆಟ್ ನೀರನ್ನು ಒಮ್ಮೆಲೇ ಸುರಿಯಿರಿ, ಮೂರು ಸಲ. ಪ್ರತಿ ಸಲವೂ ಒಂದೇ ವೇಗದಲ್ಲಿ ಹೋಗಬೇಕು. ಇನ್ನೊಬ್ಬರು ಚೇಂಬರಿನ ಹತ್ತಿರ ನಿಂತು ನೀರು ಒಂದೇ ಸಮ ಬಂದು ಬೀಳುತ್ತಿದೆಯೇ ನೋಡಲಿ. ಆಮೇಲೆ ಆಂಗಲ್ ಕಾಕ್ ತೆರೆದು ಫ್ಲಶ್ ಮಾಡಿ. ಎರಡು ದಿನದಲ್ಲಿ ಮತ್ತೆ ಕಟ್ಟಿದರೆ ಮೊದಲ ಸಲ ತೂತು ಮಾತ್ರ ಬಿದ್ದಿತ್ತು, ವಸ್ತು ಅಲ್ಲೇ ಇದೆ. ಆಗ ಪ್ಲಂಜರ್ ಬಿಟ್ಟು ನೇರ ಆಗರಿಗೆ ಹೋಗಿ.

ಆಗರಿನ ಸ್ಪ್ರಿಂಗನ್ನು ಸೋಪಿನ ನೀರಿನಲ್ಲಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಹೊಲಿಗೆ ಮಷೀನಿನ ಎಣ್ಣೆ ಸವರಿ ನೇತುಹಾಕಿ. ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ತುಕ್ಕು ಹಿಡಿದು ಕೊಳವೆಯೊಳಗೇ ಅಂಟಿಕೊಳ್ಳುತ್ತದೆ. ಪ್ಲಂಜರಿನ ಹಿಡಿಗೆ ಕೆಂಪು ಟೇಪು ಸುತ್ತಿ ಬಾತ್‌ರೂಮಿನಲ್ಲೇ ಇಡಿ, ಅಡುಗೆಮನೆ ಸಿಂಕಿಗೆ ಬೇರೆಯದೇ ಇರಲಿ.